ಅಪ್ಪ ಮುಟ್ಟಿ ನೋಡಿದ ಗೋಡೆ

ಅಪ್ಪ ಬಡಗಿ. ಲಂಡನ್‌ಗೆ ಬಂದು ಎರಡು ವಾರವಾಗುವಷ್ಟರಲ್ಲಿ ಅವರಿಗೆ ಬೇಜಾರು ಶುರುವಾಗಿತ್ತು. ಅರಮನೆ, ಸೇತುವೆ ಎಲ್ಲ ತೋರಿಸಿದ್ದಾಯಿತು, "ಚೆನ್ನಾಗಿದೆ" ಅಂದರು, ಅಷ್ಟೇ. ಆಮೇಲೆ ಒಂದು ಭಾನುವಾರ ಎಸೆಕ್ಸ್‌ನ ಗ್ರೀನ್‌ಸ್ಟೆಡ್‌ಗೆ ಕರೆದುಕೊಂಡು ಹೋದೆ. ಎಪ್ಪಿಂಗ್‌ವರೆಗೆ ಟ್ಯೂಬ್ ರೈಲು, ಅಲ್ಲಿಂದ ಓಂಗರ್‌ಗೆ ಬಸ್, ಉಳಿದದ್ದು ಹೊಲದ ನಡುವೆ ಕಾಲುದಾರಿ.

ಸೇಂಟ್ ಆಂಡ್ರೂ ಚರ್ಚ್ ತುಂಬಾ ಚಿಕ್ಕದು. ಬಿಳಿ ಹಲಗೆ ಹೊದಿಸಿದ ಗೋಪುರ, ಕಡಿದಾದ ಮಾಡು. ಆದರೆ ನಡುಭಾಗದ ಗೋಡೆಗೆ ಕಲ್ಲಿಲ್ಲ, ಇಟ್ಟಿಗೆಯಿಲ್ಲ. ಓಕ್ ಮರದ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸಿದ್ದಾರೆ. ಹೊರಗೆ ಮರದ ದುಂಡು ಹಾಗೇ ಇದೆ, ಒಳಗೆ ಮಾತ್ರ ಚಪ್ಪಟೆ. ಈ ಮರಗಳನ್ನು ಕಡಿದದ್ದು 845ರಲ್ಲಿ ಅಂತ ಮೊದಲು ಅಂದುಕೊಂಡಿದ್ದರಂತೆ. 1990ರ ದಶಕದಲ್ಲಿ ಮರದೊಳಗೆ ವರ್ಷಕ್ಕೊಂದರಂತೆ ಮೂಡುವ ಬಳೆಗಳನ್ನು ಮತ್ತೆ ಎಣಿಸಿ ನೋಡಿದಾಗ 1060ರ ಈಚಿನವು ಅಂತ ಗೊತ್ತಾಯಿತು. ಆದರೂ ಒಂಬತ್ತು ಶತಮಾನ ದಾಟಿದ ಮರ ಅಲ್ವಾ!

ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದರು. ಬೇಡ ಅಂದೆ, ಕೇಳಲಿಲ್ಲ. ಒಳಗೆ ಕತ್ತಲು ಜಾಸ್ತಿ. ಮಾಡಿನ ಕಿಟಕಿಗಳು ಎಷ್ಟೋ ಕಾಲದ ನಂತರ ಬಂದವು, ಮೊದಲು ಬೆಳಕು ಹೇಗೆ ಬರುತ್ತಿತ್ತೋ ಅಂತ ನಾನು ಯೋಚಿಸುತ್ತಿದ್ದರೆ ಅವರು ಆಗಲೇ ಗೋಡೆಗೆ ಅಂಗೈ ಇಟ್ಟು ನಿಂತಿದ್ದರು. "ಬಾಚಿ ಏಟು ಕಣೋ, ಇಲ್ನೋಡು" ಅಂದರು. ನಾನೂ ಸವರಿದೆ. ಅಂಗೈಗೆ ಸಣ್ಣ ಸಣ್ಣ ತಗ್ಗು ಸಿಕ್ಕಿತು, ಒಂದಾದ ಮೇಲೆ ಒಂದು.

ಹೊರಗೆ ಬಂದು ಬುಡ ನೋಡಿದರು. 1848ರ ದುರಸ್ತಿಯಲ್ಲಿ ದಿಮ್ಮಿಗಳ ಕೊಳೆತ ತುದಿ ಕತ್ತರಿಸಿ, ಕೆಳಗೆ ಇಟ್ಟಿಗೆ ಕಟ್ಟೆ ಕಟ್ಟಿ, ಅದರ ಮೇಲೆ ನಿಲ್ಲಿಸಿದ್ದಾರೆ. ಇಂಥ ದುರಸ್ತಿಯಿಂದ ಹಳೆಯದು ಹಾಳಾಯಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಆ ಕಟ್ಟೆ ಇಲ್ಲದಿದ್ದರೆ ನಾವು ಮುಟ್ಟಲು ಆ ಗೋಡೆಯೇ ಇರುತ್ತಿರಲಿಲ್ಲ. ಅಪ್ಪನೂ ಅದನ್ನೇ ಹೇಳಿದರು: "ಕಂಬದ ಬುಡ ಕೊಳೆತರೆ ನಾವೂ ಹೀಗೇ ಮಾಡೋದು. ಇಡೀ ಕಂಬ ಯಾಕೆ ಎಸೀಬೇಕು?"

ಫೋಟೊ ತೆಗೆಯಲು ಗೋಡೆ ಪಕ್ಕ ನಿಲ್ಲಿಸಿದೆ. ಸರಿದು ನಿಂತು, ಎರಡು ದಿಮ್ಮಿಗಳ ನಡುವಿನ ಸಂದಿಗೆ ಬೆರಳು ತೋರಿಸಿದರು. "ನಂದು ಬೇಡ. ಇದನ್ನ ಹತ್ತಿರದಿಂದ ತೆಗಿ, ಊರಲ್ಲಿ ಹುಡುಗರಿಗೆ ತೋರಿಸ್ಬೇಕು."