ಮಳೆಗಾಲಕ್ಕೆ ಮಾತ್ರ ಕೆಡುವ ಕಾರು

ನಮ್ಮ ಕಾರಿಗೆ ಬೇಸಗೆಯಲ್ಲಿ ಯಾವ ರೋಗವೂ ಇಲ್ಲ. ಏಪ್ರಿಲ್ ಸೆಕೆಯಲ್ಲಿ ಎಸಿ ಹಾಕಿಕೊಂಡು ಕಟಪಾಡಿಯಿಂದ ಮಂಗಳೂರಿಗೆ ಹೋಗಿ ಬರುತ್ತದೆ, ಒಂದು ಮಾತು ಆಡುವುದಿಲ್ಲ. ಜೂನ್ ಕಳೆದು ತುಳುವರ ಆಟಿ ತಿಂಗಳು ಹತ್ತಿರ ಬಂತೋ, ಬೆಳಿಗ್ಗೆ ಕೀ ತಿರುಗಿಸಿದರೆ ಟಿಕ್ ಟಿಕ್ ಟಿಕ್. ಬ್ಯಾಟರಿ ಡೌನ್. ಪಕ್ಕದ ಮನೆಯವರ ಕಾರನ್ನು ಮೂತಿಗೆ ಮೂತಿ ತಂದು ನಿಲ್ಲಿಸಿ, ಕೆಂಪು ಕಪ್ಪು ಕೇಬಲ್ ಸಿಕ್ಕಿಸಿ, ಕೊಡೆ ಹಿಡಿದುಕೊಂಡು ಸ್ಟಾರ್ಟ್ ಮಾಡಿಸುವುದು ನಮ್ಮಲ್ಲಿ ಮಳೆಗಾಲದ ಒಂದು ಕ್ರಮವೇ ಆಗಿಹೋಗಿತ್ತು. ಪಕ್ಕದ ಮನೆಯವರು ಒಳ್ಳೆಯವರು. ಆದರೆ ಒಳ್ಳೆಯತನಕ್ಕೂ ಬೆಳಿಗ್ಗೆ ಏಳೂವರೆಗೆ ಆಫೀಸಿಗೆ ಹೊರಡಲಿಕ್ಕೆ ಇರುತ್ತದಲ್ಲ.

ನಾನು ಮಂಗಳೂರಿನ ಹಂಪನಕಟ್ಟೆ ಹತ್ತಿರದ ಬ್ಯಾಂಕ್ ಶಾಖೆಯಲ್ಲಿ ಕೆಲಸಕ್ಕೆ ಇರುವವಳು. ಹೆದ್ದಾರಿ 66 ನನಗೆ ಬಾಯಿಪಾಠ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್, ಕೂಳೂರು ಸೇತುವೆ, ಆಮೇಲೆ ಮಳೆ ಜೋರಿದ್ದರೆ ಚಕ್ರದ ಅರ್ಧಕ್ಕೆ ನೀರು ನಿಲ್ಲುವ ಕೊಟ್ಟಾರ ಚೌಕಿ. ಸಂಜೆ ವಾಪಸು ಬರುವಾಗ ಕತ್ತಲು, ಮಳೆ, ಎದುರಿನ ಲಾರಿಯ ಬೆಳಕು. ಹೆಡ್‌ಲೈಟ್ ಬೇಕು, ವೈಪರ್ ಬೇಕು, ಗಾಜಿನ ಮಂಜು ಬಿಡಿಸಲು ಎಸಿ ಮತ್ತು ಬ್ಲೋವರ್ ಬೇಕು, ಹಿಂದಿನ ಗಾಜಿನ ಹೀಟರ್ ಬೇಕು. ಹೆಜಮಾಡಿ ಟೋಲ್‌ನ ಸಾಲಿನಲ್ಲಿ ನಿಂತರೆ ಕಾರಿನ ಸಂಕಟ ಕಣ್ಣಿಗೇ ಕಾಣುತ್ತಿತ್ತು. ಹೆಡ್‌ಲೈಟ್ ಹಳದಿಗೆ ತಿರುಗುತ್ತದೆ, ವೈಪರ್ ಅರ್ಧಕ್ಕೆ ಬಂದು ಆಲೋಚನೆ ಮಾಡಿ ಮುಂದೆ ಹೋಗುತ್ತದೆ, ಕಿಟಕಿಯ ಗಾಜು ಇಳಿಸಲು ಒತ್ತಿದರೆ ಕೊಸರಾಡುತ್ತಾ ಇಳಿಯುತ್ತದೆ. ಸ್ವಲ್ಪ ರೇಸ್ ಕೊಟ್ಟರೆ ಎಲ್ಲ ಚೇತರಿಸಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟು ಮಾತ್ರ ಒಮ್ಮೆಯೂ ಹತ್ತಿದ್ದಿಲ್ಲ.

ಚಿಕಿತ್ಸೆ ಆಗಿರಲಿಲ್ಲ ಅಂತಲ್ಲ. ಮೊದಲ ಮಳೆಗಾಲಕ್ಕೆ ಹೊಸ ಬ್ಯಾಟರಿ. ಮರುವರ್ಷ ಅದೇ ಹೊಸ ಬ್ಯಾಟರಿ ಮಲಗಿದಾಗ, ವಾರಂಟಿ ಕಾರ್ಡ್ ಹಿಡಿದು ಹೋದರೆ ಅಂಗಡಿಯವರು ಚಾರ್ಜಿಗೆ ಹಾಕಿ, ಪರೀಕ್ಷೆ ಮಾಡಿ, ‘ಬ್ಯಾಟರಿಯಲ್ಲಿ ದೋಷ ಇಲ್ಲ, ಚಾರ್ಜ್ ಆಗ್ತಾ ಇಲ್ಲ ಅಷ್ಟೆ, ಆಲ್ಟರ್ನೇಟರ್ ತೋರಿಸಿ’ ಅಂದರು. ಎಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ತುಂಬಿಸುವುದು ಈ ಆಲ್ಟರ್ನೇಟರ್. ಆಲ್ಟರ್ನೇಟರ್ ಬಿಚ್ಚಿಸಿ ಕಾರ್ಬನ್ ಬ್ರಷ್, ಬೇರಿಂಗ್ ಹಾಕಿಸಿದ್ದಾಯಿತು. ಬೆಲ್ಟ್ ಹೊಸದಾಯಿತು. ಮತ್ತೊಂದು ಕಡೆ ಅದರೊಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹೋಗಿದೆ ಅಂತ ಡಯೋಡ್ ಪ್ಲೇಟೂ ಬದಲಾಯಿತು. ಪ್ರತಿ ಸಲವೂ ಕೆಲಸ ಮುಗಿದ ಮೇಲೆ ಬ್ಯಾಟರಿಗೆ ಮೀಟರ್ ಇಟ್ಟು ‘ನೋಡಿ ಮೇಡಂ, 14 ವೋಲ್ಟ್ ಬರ್ತಾ ಉಂಟು’ ಎಂದು ತೋರಿಸಿಯೇ ದುಡ್ಡು ತೆಗೆದುಕೊಂಡದ್ದು. 14 ಬರುತ್ತಲೂ ಇತ್ತು, ಅದರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಈ ವರ್ಷ ಜುಲೈಯ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಉದ್ಯಾವರದ ಹತ್ತಿರ ತಗಡಿನ ಮಾಡಿನ ಒಂದು ಶೆಡ್ ಉಂಟು. ಹೆಚ್ಚಾಗಿ ಲಾರಿ, ಟೆಂಪೋಗಳ ವಯರಿಂಗ್ ಕೆಲಸ ಮಾಡುವ ಜಾಗ. ಬೋರ್ಡಿನ ಅಕ್ಷರಗಳೆಲ್ಲ ಮಾಸಿವೆ. ಅಲ್ಲಿಯ ಎಲೆಕ್ಟ್ರಿಷಿಯನ್ ಅಣ್ಣ ಮಾತು ಕಡಿಮೆ ಎಂದು ಕೇಳಿದ್ದೆ. ನಾನು ಪುರಾಣ ಶುರು ಮಾಡಿ ಬ್ಯಾಟರಿ, ಬ್ರಷ್, ಡಯೋಡ್ ಎಂದು ಹೇಳುತ್ತಿದ್ದರೆ ಅವರು ಕೇಳಿದ್ದು ಒಂದೇ ಪ್ರಶ್ನೆ.

‘ಅಕ್ಕ, ಇದು ಮಳೆಗಾಲದಲ್ಲಿ ಮಾತ್ರವಾ?’

ಹೌದು ಅಂದೆ. ‘ಹಾಗಾದ್ರೆ ಲೋಡ್ ಹಾಕಿ ನೋಡುವ’ ಎಂದು ಬಾನೆಟ್ ಎತ್ತಿದರು. ಲೋಡ್ ಅಂದರೆ ಕರೆಂಟ್ ಎಳೆಯುವ ಲೈಟು, ಬ್ಲೋವರ್ ಇತ್ಯಾದಿ.

ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ 12.1 ವೋಲ್ಟ್ ತೋರಿಸಿತು. ಪೂರ್ತಿ ತುಂಬಿದ ಬ್ಯಾಟರಿ ಸುಮ್ಮನೆ ಕೂತಿದ್ದಾಗ 12.6ಕ್ಕೆ ಕಡಿಮೆ ಇರಬಾರದು. 12.2 ಅಂದರೆ ಸುಮಾರು ಅರ್ಧ ಖಾಲಿ, ನಮ್ಮದು ಅದಕ್ಕೂ ಕೆಳಗೆ. ಸ್ಟಾರ್ಟ್ ಮಾಡಿದ ಮೇಲೆ 14ಕ್ಕೆ ಏರಿತು. ಇಷ್ಟರವರೆಗೆ ಎಲ್ಲರೂ ನಿಲ್ಲಿಸಿದ್ದು ಇಲ್ಲಿಗೇ. ಅವರು ನಿಲ್ಲಿಸಲಿಲ್ಲ. ನನ್ನನ್ನು ಸೀಟಿನಲ್ಲಿ ಕೂರಿಸಿ ಒಂದೊಂದೇ ಹಾಕಲು ಹೇಳಿದರು. ಹೆಡ್‌ಲೈಟ್ ಹೈ ಬೀಮ್. ಬ್ಲೋವರ್ ಫುಲ್. ಎಸಿ. ಹಿಂದಿನ ಗಾಜಿನ ಹೀಟರ್. ವೈಪರ್. ರೇಸ್ ಸ್ವಲ್ಪ ಏರಿಸಿ ಹಿಡಿಯಿರಿ ಅಂದರು. ಒಂದೊಂದು ಸ್ವಿಚ್ ಒತ್ತಿದ ಹಾಗೆ ಬ್ಯಾಟರಿಯ ಮೇಲಿನ ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಇಳಿದು 12.8ಕ್ಕೆ ಬಂದು ನಿಂತಿತು. 12.8ರಲ್ಲಿ ಬ್ಯಾಟರಿ ತುಂಬುವುದಿಲ್ಲ, ಇದ್ದದ್ದನ್ನು ಉಳಿಸಿಕೊಂಡರೆ ಹೆಚ್ಚು.

ಆಲ್ಟರ್ನೇಟರ್ ಮತ್ತೆ ಹೋಯಿತು ಎಂದೇ ನನಗೆ ಅನಿಸಿತು. ಅವರು ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯಿಂದ ತೆಗೆದು, ಬಗ್ಗಿ, ಕೆಳಗೆ ಆಲ್ಟರ್ನೇಟರಿನ ಹಿಂದಿನ ಬೋಲ್ಟಿಗೆ ಮುಟ್ಟಿಸಿದರು. ಕಪ್ಪು ಕಡ್ಡಿ ಅದರ ಮೈಗೆ. 14.1.

‘ಕರೆಂಟ್ ತಯಾರಾಗ್ತಾ ಉಂಟು ಅಕ್ಕ. ಬ್ಯಾಟರಿಗೆ ಮುಟ್ತಾ ಇಲ್ಲ.’

ಆಮೇಲೆ ಮಾಡಿದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಯಾಕೆಂದರೆ ಅದಕ್ಕೆ ಏನನ್ನೂ ಬಿಚ್ಚಬೇಕಿಲ್ಲ, ಯಾವ ಹೊಸ ಭಾಗವನ್ನೂ ಕೊಳ್ಳಬೇಕಿಲ್ಲ. ಎಲ್ಲ ಲೋಡ್ ಹಾಗೆಯೇ ಇರುವಾಗ ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಪ್ಲಸ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ. ಎರಡೂ ಪ್ಲಸ್ಸೇ, ಒಂದೇ ವಯರಿನ ಎರಡು ತುದಿ. ವಯರು ಸರಿ ಇದ್ದರೆ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು, ಜಾಸ್ತಿ ಅಂದರೆ 0.2, 0.3. ನಮ್ಮದು 1.2 ತೋರಿಸಿತು. ಮೈನಸ್ ಕಡೆಯೂ ಹೀಗೆಯೇ ನೋಡಿದರು, ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಮೈನಸ್‌ಗೆ. 0.05. ಅಲ್ಲಿಗೆ ಅರ್ಥಿಂಗ್ ಮೇಲಿನ ಸಂಶಯ ಮುಗಿಯಿತು. ಮತ್ತೆ ಪ್ಲಸ್ ದಾರಿಯಲ್ಲೇ ಕಡ್ಡಿಯನ್ನು ಗೇಣು ಗೇಣು ಸರಿಸುತ್ತಾ ಬಂದರು. ಬ್ಯಾಟರಿ ಪಕ್ಕದ ಮೈನ್ ಫ್ಯೂಸಿನ ಬೋಲ್ಟಿನಲ್ಲಿ 0.3. ಉಳಿದ 0.9 ವೋಲ್ಟ್ ಅಷ್ಟೂ ಕಾಣೆಯಾದದ್ದು ಆಲ್ಟರ್ನೇಟರಿಗೆ ಸಿಕ್ಕಿಸಿದ ವಯರಿನ ತುದಿಯ ಉಂಗುರದಲ್ಲಿ, ಅವರ ಬಾಯಲ್ಲಿ ಥಿಂಬಲ್.

ಕಡಿಮೆ ಕರೆಂಟ್ ಹರಿಯುವಾಗ ಆ ಉಂಗುರ ಸಾಧುವಾಗಿಯೇ ಇರುತ್ತದೆ. ಹರಿಯುವ ಆಂಪಿಯರ್ ಹೆಚ್ಚಾದಷ್ಟೂ ಅಲ್ಲಿ ನಷ್ಟವಾಗುವ ವೋಲ್ಟೇಜ್ ಅದೇ ಲೆಕ್ಕದಲ್ಲಿ ಹೆಚ್ಚಾಗುತ್ತದೆ. ಬೇಸಗೆಯ ಹಗಲಿನಲ್ಲಿ ಇರುವ ಲೋಡಿಗೆ ಅದು ಹೇಗೋ ಸಾಗುತ್ತದೆ, ಮಳೆಗಾಲದ ರಾತ್ರಿಗೆ ಸಿಕ್ಕಿಬೀಳುತ್ತದೆ. ಕೆಂಪು ಲೈಟು ಯಾಕೆ ಹತ್ತಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು. ನಮ್ಮಂಥ ಹಳೆಯ ಕಾರಿನಲ್ಲಿ ಆ ಲೈಟು ಹತ್ತುವುದು ಆಲ್ಟರ್ನೇಟರ್ ಕೆಲಸ ನಿಲ್ಲಿಸಿದರೆ. ಇಲ್ಲಿ ಆಲ್ಟರ್ನೇಟರ್ ಪಾಪ ದುಡಿಯುತ್ತಲೇ ಇತ್ತು. ದುಡಿದದ್ದು ದಾರಿಯಲ್ಲಿ ಸೋರಿ ಹೋದರೆ ಲೈಟಿಗೆ ಹೇಗೆ ಗೊತ್ತಾಗಬೇಕು?

ಕೆಲಸದ ಹುಡುಗ ಸ್ಪ್ಯಾನರ್ ಹಿಡಿದು ಸೀದಾ ಆಲ್ಟರ್ನೇಟರಿಗೆ ಕೈ ಹಾಕಿದ. ಅಷ್ಟು ಹೊತ್ತು ಮೆಲ್ಲಗೆ ಮಾತಾಡುತ್ತಿದ್ದ ಅಣ್ಣ ಬೊಬ್ಬೆ ಹಾಕಿದರು, ‘ಮೊದಲು ಬ್ಯಾಟರಿಯ ಮೈನಸ್ ಬಿಚ್ಚು ಮಾರಾಯಾ!’ ಎಂಜಿನ್ ಆಫ್ ಇದ್ದರೂ ಆ ಬೋಲ್ಟಿನಲ್ಲಿ ಬ್ಯಾಟರಿಯ ಕರೆಂಟ್ ಯಾವಾಗಲೂ ಇರುತ್ತದೆ. ಸ್ಪ್ಯಾನರ್ ತಪ್ಪಿ ಎಂಜಿನ್ ಮೈಗೆ ತಾಗಿದರೆ ಪಟಾಕಿ.

ವಯರು ಹೊರಗೆ ಬಂತು. ಮೇಲಿನ ಕಪ್ಪು ರಬ್ಬರ್ ಟೊಪ್ಪಿ ಸರಿಯಾಗಿಯೇ ಇತ್ತು. ಬಹುಶಃ ಅದಕ್ಕೇ ಯಾರೂ ಒಳಗೆ ನೋಡಲಿಲ್ಲ. ಟೊಪ್ಪಿ ಸರಿಸಿದರೆ ಉಂಗುರದ ಬುಡದಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ಸುಟ್ಟು, ಗಟ್ಟಿಯಾಗಿ, ಉಗುರಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಉಂಗುರ ವಯರನ್ನು ಹಿಡಿದುಕೊಂಡಿರುವ ಕಡೆ ಹಸಿರು ಕಿಲುಬು. ಹುಡುಗ ಒಂದು ಇಂಚು ಕತ್ತರಿಸಿದ. ಒಳಗಿನ ತಾಮ್ರದ ಎಳೆಗಳು ಕಪ್ಪು. ಇನ್ನೊಂದು ಇಂಚು. ಕಪ್ಪು, ನಡುನಡುವೆ ಹಸಿರು. ನಾಲ್ಕು ಬೆರಳು ಒಳಗೆ ಹೋದರೂ ತಾಮ್ರ ತಾಮ್ರದ ಬಣ್ಣಕ್ಕೆ ಬರಲಿಲ್ಲ. ಸುಮಾರು 35 ಆಂಪಿಯರ್ ಹರಿಯುವ ಕಡೆ 0.9 ವೋಲ್ಟ್ ಕಾಣೆಯಾದರೆ ಅಲ್ಲಿ ಮೂವತ್ತು ವಾಟ್ ಶಾಖ ಹುಟ್ಟುತ್ತದೆ, ರೇಡಿಯೋ ರಿಪೇರಿಯ ಸೋಲ್ಡರಿಂಗ್ ಐರನ್ನಿನಷ್ಟು. ಅದನ್ನು ನಾವು ಮಳೆಗಾಲವಿಡೀ ಬಾನೆಟ್ಟಿನ ಒಳಗೆ ಹೊತ್ತಿಸಿಟ್ಟುಕೊಂಡು ಓಡಾಡಿದ್ದೆವು.

ಆಲ್ಟರ್ನೇಟರ್ ನಮ್ಮ ಕಾರಿನಲ್ಲಿ ಕೆಳಗೆ, ಚಕ್ರದ ಹತ್ತಿರ ಕೂತಿದೆ. ರಸ್ತೆಯ ನೀರು ಎರಚುವುದು ಮೊದಲು ಅದಕ್ಕೇ. ಪಣಂಬೂರು, ಸುರತ್ಕಲ್ ದಾಟುವಾಗ ಕಡಲ ಗಾಳಿಯ ಉಪ್ಪು, ರಾತ್ರಿ ಕಾರು ನಿಲ್ಲುವ ನಮ್ಮ ಅಂಗಳದಲ್ಲೂ ಅದೇ ಗಾಳಿ. ಇಲ್ಲಿ ಮನೆಯ ಕಿಟಕಿಯ ಸರಳೇ ತುಕ್ಕು ಹಿಡಿದು ಸಿಪ್ಪೆ ಏಳುತ್ತದೆ. ತಾಮ್ರದ ಎಳೆಗಳ ಸಂದಿಗೆ ಒಮ್ಮೆ ಉಪ್ಪು ನೀರು ಇಳಿಯಿತೆಂದರೆ ಅದು ಎಳೆಯಿಂದ ಎಳೆಗೆ ಒಳಗೊಳಗೇ ಏರುತ್ತಾ ಹೋಗುತ್ತದೆ.

ಹಿಂದಿನ ರಿಪೇರಿಗಳೆಲ್ಲ ಯಾಕೆ ನಿಲ್ಲಲಿಲ್ಲ ಎನ್ನುವುದು ಆ ತುಂಡು ವಯರನ್ನು ಕೈಯಲ್ಲಿ ಹಿಡಿದಾಗ ತಿಳಿಯಿತು. ಪ್ರತಿ ಸಲ ಆಲ್ಟರ್ನೇಟರ್ ರಿಪೇರಿಯಾಗಿ ಬಂದಾಗಲೂ ಅದರ ಬೋಲ್ಟಿಗೆ ಬಿಗಿದದ್ದು ಇದೇ ಉಂಗುರವನ್ನು. ಅರ್ಧಂಬರ್ಧ ಚಾರ್ಜಿನಲ್ಲೇ ದಿನ ಕಳೆಯುವ ಬ್ಯಾಟರಿಯ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳು ಕಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ತಾಕತ್ತು ಬರುವುದಿಲ್ಲ. ಡಯೋಡ್ ಹೋದದ್ದಕ್ಕೂ ಅಣ್ಣನ ಬೆರಳು ಈ ಕಡೆಗೇ ತೋರಿಸಿತು. ತುಂಬು ಲೋಡಿನಲ್ಲಿ ಓಡುವಾಗ ಆ ಉಂಗುರದಲ್ಲಿ ಸಂಪರ್ಕ ಒಂದು ಕ್ಷಣ ತಪ್ಪಿದರೂ ಆಲ್ಟರ್ನೇಟರಿನ ವೋಲ್ಟೇಜ್ ಹೋಗಲು ದಾರಿಯಿಲ್ಲದೆ ಒಮ್ಮೆಲೇ ಜಿಗಿಯುತ್ತದೆ, ಡಯೋಡ್ ಸುಡುತ್ತದೆ. ‘ಇದರಿಂದಲೇ ಹೋದದ್ದು ಅಂತ ಈಗ ಹೇಳ್ಲಿಕ್ಕೆ ಆಗುದಿಲ್ಲ, ಆದ್ರೆ ಹೋಗ್ಲಿಕ್ಕೆ ಇದು ಸಾಕು’ ಅಂದರು. ಗೊತ್ತಿರುವುದಕ್ಕೂ ಊಹೆಗೂ ನಡುವೆ ಗೆರೆ ಎಳೆದು ಮಾತಾಡುವ ಮೆಕ್ಯಾನಿಕ್ ನನಗೆ ಸಿಕ್ಕಿದ್ದು ಅದೇ ಮೊದಲು.

ಹಳೆಯ ವಯರಿಗೆ ಹೊಸ ಉಂಗುರ ಹಾಕಿದರೆ ಪ್ರಯೋಜನ ಇಲ್ಲ ಎಂದು ಇಡೀ ವಯರನ್ನೇ ಬದಲಿಸಿದರು. ಮೊದಲಿನದಕ್ಕಿಂತ ದಪ್ಪದ್ದು, 16 ಚದರ ಮಿಲಿಮೀಟರಿನದ್ದು. ಹೊಸ ಉಂಗುರಗಳನ್ನು ಸುತ್ತಿಗೆಯಲ್ಲಿ ಬಡಿಯದೆ ಪ್ರೆಸ್ಸಿನಲ್ಲಿ ಒತ್ತಿ, ಮೇಲೆ ಶಾಖಕ್ಕೆ ಕುಗ್ಗಿ ಅಂಟುವ ಕೊಳವೆ ಏರಿಸಿದರು. ಮೈನ್ ಫ್ಯೂಸಿನ ಬೋಲ್ಟನ್ನು ಬಿಚ್ಚಿ, ಉಜ್ಜಿ, ಬಿಗಿದರು. ಅಲ್ಲಿ ಕಾಯುತ್ತಿದ್ದ ಟೆಂಪೋ ಚಾಲಕರೊಬ್ಬರು ‘ಆ ಫ್ಯೂಸ್ ಎಂತಕ್ಕೆ, ಸೀದಾ ಬ್ಯಾಟರಿಗೆ ಕೊಡಿ, ರಗಳೆಯೇ ಇಲ್ಲ’ ಎಂದು ಸಲಹೆ ಕೊಟ್ಟರು. ಅಣ್ಣ ತಲೆ ಎತ್ತಲಿಲ್ಲ. ‘ವಯರ್ ಎಲ್ಲಿಯಾದ್ರೂ ಉಜ್ಜಿ ಬಾಡಿಗೆ ತಾಗಿದ್ರೆ ಫ್ಯೂಸ್ ಹೋಗ್ತದೆ. ಫ್ಯೂಸ್ ಇಲ್ಲದಿದ್ರೆ ಕಾರು ಹೋಗ್ತದೆ.’

ಮತ್ತೆ ಎಲ್ಲ ಲೋಡ್ ಹಾಕಿ ನೋಡಿದರೆ ಬ್ಯಾಟರಿಯ ಮೇಲೆ 13.9. ಪ್ಲಸ್‌ನಿಂದ ಪ್ಲಸ್‌ಗೆ 0.1.

ನಾನು ಪರ್ಸ್ ತೆಗೆದೆ. ಅವರು ಇನ್ನೂ ಬಿಡಲಿಲ್ಲ. ಕಾರು ನಿಂತಿರುವಾಗ ಏನಾದರೂ ಕದ್ದು ಕರೆಂಟ್ ಕುಡಿಯುತ್ತದೆಯೇ ನೋಡಬೇಕಂತೆ. ಮೀಟರನ್ನು ಆಂಪಿಯರಿಗೆ ತಿರುಗಿಸಿ, ಬ್ಯಾಟರಿಯ ಮೈನಸ್ ಮತ್ತು ಅದರ ಕೇಬಲ್ ನಡುವೆ ಸೇರಿಸಿದರು. ಬಾಗಿಲು ತೆರೆದೇ ಇತ್ತು, ಆದರೆ ಅದರ ಬೀಗದ ಕೊಂಡಿಯನ್ನು ಸ್ಕ್ರೂಡ್ರೈವರಿನಲ್ಲಿ ಒತ್ತಿ ಮುಚ್ಚಿದ್ದರಿಂದ ಕಾರು ಬಾಗಿಲು ಹಾಕಿದೆ ಎಂದುಕೊಂಡಿತು. ಒಳಗಿನ ಕಂಪ್ಯೂಟರ್ ನಿದ್ದೆಗೆ ಜಾರಲು ಅರ್ಧ ಗಂಟೆ ಬೇಕು, ಅಷ್ಟರವರೆಗೆ ಮುಟ್ಟಬಾರದು. ಎದುರಿನ ಹೋಟೆಲಿನಿಂದ ಗೋಳಿಬಜೆ, ಚಹಾ ಬಂತು. ತಗಡಿನ ಮೇಲೆ ಮಳೆ ಎಷ್ಟು ಜೋರಿತ್ತೆಂದರೆ ಮಾತಾಡುವ ಹಾಗೇ ಇರಲಿಲ್ಲ. ಕೊನೆಗೆ ಮೀಟರ್ 0.03ಕ್ಕೆ ನಿಂತಿತು. 0.05 ದಾಟದಿದ್ದರೆ ಚಿಂತೆಯಿಲ್ಲ.

ಬ್ಯಾಟರಿಯನ್ನು ಅಲ್ಲೇ ಬಿಟ್ಟು, ಒಂದು ರಾತ್ರಿ ನಿಧಾನದ ಚಾರ್ಜಿಗೆ ಹಾಕಿಸಿದೆ. ಮರುದಿನ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ಆರು ಸೆಲ್‌ಗಳನ್ನೂ ನೋಡಿದರು. ಪೂರ್ತಿ ತುಂಬಿದ್ದರೆ 1.260ರ ಮೇಲೆ ಇರಬೇಕಾದದ್ದು 1.230ರ ಆಸುಪಾಸಿನಲ್ಲಿ ನಿಂತಿತ್ತು. ‘ಈ ಮಳೆಗಾಲ ದಾಟ್ತದೆ. ಮುಂದಿನದ್ದಕ್ಕೆ ನನ್ನನ್ನು ಕೇಳ್ಬೇಡಿ’ ಅಂದರು. ವಯರು, ಉಂಗುರ, ಚಾರ್ಜಿಂಗ್, ಕೂಲಿ ಎಲ್ಲ ಸೇರಿ ಆದ ಬಿಲ್ಲು, ಹಿಂದೆ ಹಾಕಿಸಿದ ಡಯೋಡ್ ಪ್ಲೇಟಿನ ಅರ್ಧದಷ್ಟೂ ಇರಲಿಲ್ಲ.

ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಸಣ್ಣದೊಂದು ವೋಲ್ಟ್‌ಮೀಟರ್ ತಂದು ಹಾಕಿದ್ದೇನೆ. ಕೆಂಪು ಅಂಕಿಗಳು ಸದಾ ಎದುರಿಗಿರುತ್ತವೆ. ಆಗಸ್ಟ್ ಪೂರ್ತಿ, ಕೊಟ್ಟಾರದ ನೀರಿನಲ್ಲೂ ಹೆಜಮಾಡಿಯ ಸಾಲಿನಲ್ಲೂ ಅದು 13.5ಕ್ಕಿಂತ ಕೆಳಗೆ ಇಳಿದಿಲ್ಲ. ತೊಂದರೆ ಈಗ ನಮ್ಮ ಯಜಮಾನರದ್ದು. ಪಕ್ಕದ ಸೀಟಿನಲ್ಲಿ ಕೂತರೆ ಅವರ ಕಣ್ಣು ರಸ್ತೆಯ ಮೇಲಿರುವುದಿಲ್ಲ. ಮೂಲ್ಕಿ ದಾಟುವಾಗ 13.9 ಇದ್ದದ್ದು ಸುರತ್ಕಲ್ ಬರುವಾಗ 13.7 ಆಯಿತೆಂದರೆ ‘ಇಳಿಯಿತು ನೋಡು, ಅಣ್ಣನಿಗೆ ಫೋನ್ ಮಾಡಲಾ?’ ಎನ್ನುತ್ತಾರೆ. ಎಂಜಿನ್ ಬಿಸಿಯಾದ ಮೇಲೆ ಆಲ್ಟರ್ನೇಟರನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ತಾನಾಗಿಯೇ ವೋಲ್ಟೇಜನ್ನು ಸ್ವಲ್ಪ ತಗ್ಗಿಸುತ್ತದೆ, ಅದು ಇರಬೇಕಾದದ್ದೇ ಎಂದು ಹೇಳಿ ನನಗೆ ಸಾಕಾಗಿದೆ. ನಿನ್ನೆಯೂ ಫೋನ್ ಮಾಡಿದ್ದಾರೆ. ಅಣ್ಣ ಎತ್ತಲಿಲ್ಲವಂತೆ.