ಗದ್ದದ ಗಂಟು

ಹೋದ ತಿಂಗಳು ನಮ್ಮ ಟ್ಯೂಟರ್ ಅಕ್ಕೋರು ತೀರಿಕೊಂಡರು. ಹೆಸರು ಹಾಕಿದರೆ ಬೈಯುತ್ತಿದ್ದರು, ಹಾಕಲ್ಲ. ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಕೋರ್ಸಿನಲ್ಲಿ ಓದಿದ ಅನಾಟಮಿ ಮರೆತೇಹೋಗಿದೆ. ನೆನಪಿರುವುದು ಅಕ್ಕೋರು, ಮತ್ತೆ ರೋಗಿಯ ಬದಲು ಕಲಿಯೋಕೆ ಲ್ಯಾಬಿನಲ್ಲಿಟ್ಟಿದ್ದ ಆಳೆತ್ತರದ ಗೊಂಬೆ.

ಮೊದಲು ಗೊಂಬೆ. ಹೋಳಿ ಮುಗಿದು ಶರಣಬಸವೇಶ್ವರರ ಜಾತ್ರೆ ಬಂದಿತ್ತು. ಹಾಸ್ಟೆಲಿನಲ್ಲಿ ಬಿಡಲ್ಲ. ಗೆಳತಿಯರ ಹಾಸಿಗೆಗೆ ದಿಂಬು, ನನ್ನದಕ್ಕೆ ಗೊಂಬೆ ಮಲಗಿಸಿ, ಚಾದರ ಹೊದಿಸಿ ತೇರಿಗೆ ಹೋದೆವು. ಸುಸಲಾ, ಮಿರ್ಚಿ ತಿಂದು ಬಂದರೆ ಬಾಗಿಲಲ್ಲೇ ಅಕ್ಕೋರು. ವಾರ್ಡನ್ ನನ್ನ ಕಾಲು ಅಂತ ಮುಟ್ಟಿ, ತಣ್ಣಗಿದೆ ಅಂತ ಚೀರಿದ್ದರಂತೆ.

"ಸತ್ತೀದಿ ಅಂತ ತಿಳದಿದ್ವಿ. ಈಗ ನೀವೇ ಹೆಣದ ತಯಾರಿ ಮಾಡ್ರಿ" ಅಂದರು ಅಕ್ಕೋರು.

ರಾತ್ರಿ ಹನ್ನೊಂದಕ್ಕೆ ಗೊಂಬೆಯ ಮೈ ಒರೆಸಿ, ತೆರೆದೇ ಇರುವ ಕಣ್ಣಿಗೆ ಹತ್ತಿ ಇಟ್ಟು, ಗದ್ದಕ್ಕೂ ಕಾಲಿನ ಹೆಬ್ಬೆರಳಿಗೂ ಬ್ಯಾಂಡೇಜ್ ಕಟ್ಟಿದೆವು. ನಮಗೆ ನಗು ತಡೆಯಲಾಗಲಿಲ್ಲ. ಅಕ್ಕೋರು ನಗಲಿಲ್ಲ.

"ಗಂಟು ಬಿಗಿ ಆತು. ಗದ್ದ ನೋಯ್ತದ, ಸಡಲ ಮಾಡು."

ಮುಂದೆ ವಾರ್ಡಿನಲ್ಲಿ ಜೇವರ್ಗಿ ಕಡೆಯ ಮುದುಕರೊಬ್ಬರು ನನ್ನ ಡ್ಯೂಟಿಯಲ್ಲೇ ಹೋದರು. ನಾನು ಕಂಡ ಮೊದಲ ಸಾವು. ಬೆಳಿಗ್ಗೆಯಷ್ಟೇ "ತೊಗರಿ ರಾಶಿ ಮುಗೀತೇನವ್ವಾ" ಅಂತ ಕೇಳಿದ್ದರು, ನಾನು ಅವರ ಮನೆಯವಳೇ ಅನ್ನೋ ಹಾಗೆ. ಅಕ್ಕೋರು ಅವರ ಜೊತೆ ಮಾತಾಡುತ್ತಲೇ ಕೆಲಸ ಮಾಡಿದರು. "ಅಪ್ಪಾ, ಈಗ ಈ ಮಗ್ಗಲಕ ತಿರುಗಸ್ತೀವ್ರಿ."

ಅವರಿಗೆ ಕೇಳಿಸಲ್ಲ ಅಲ್ವಾ ಅಂದೆ.

"ನಿನಗ ಕೇಳಸ್ತದಲ್ಲ."

ಆಮೇಲೆ ಸ್ಟೋರ್ ರೂಮಿನಲ್ಲಿ ಕೂರಿಸಿ, ಅರ್ಧ ಕಪ್ ಚಾ ಕೊಟ್ಟು, ಅಳೋಕೆ ಬಿಟ್ಟರು. ಹತ್ತೇ ನಿಮಿಷ. ಏಳನೇ ಬೆಡ್ಡಿಗೆ ಇಂಜೆಕ್ಷನ್ ಇತ್ತು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯವರದೇ ಅಂತ ಗೊತ್ತಾದಾಗ ನಾನು ಐಸಿಯುನಲ್ಲಿದ್ದೆ. ಮನೆಯವರು ಹತ್ತಿರ ಬರುವಂತಿರಲಿಲ್ಲ. ಸತ್ತವರನ್ನು ಚೀಲದಲ್ಲಿ ಮಲಗಿಸಿ, ಪಿಪಿಇ ಕಿಟ್‌ನೊಳಗಿಂದ ಒಬ್ಬೊಬ್ಬರಿಗೂ ಹೆಸರು ಹಿಡಿದು ಹೇಳುತ್ತಿದ್ದೆ, "ಈಗ ಜಿಪ್ ಹಾಕ್ತೀನ್ರಿ." ಜೊತೆಯವರಲ್ಲಿ ಕೆಲವರು ಕೆಲಸ ಬಿಟ್ಟರು. ನಾನು ಬಿಡಲಿಲ್ಲ. ಜಂಬ ಅನ್ನಿ, ಪರವಾಗಿಲ್ಲ.

ಈಗಿನ ಹುಡುಗಿಯರು ನಮಗಿಂತ ಜಾಣರು. ವಿಡಿಯೊ ನೋಡಿಯೇ ಎಲ್ಲ ಕಲಿಯುತ್ತಾರೆ. ಆದರೆ ಒಂದು ಸಾವು ಕಂಡು ಬಂದವಳಿಗೆ ಸಿಗುವುದು ಲಾಗ್‌ಬುಕ್ಕಿನಲ್ಲೊಂದು ಸಹಿ. ಚಾ ಕೊಡೋರು ಯಾರು?

ಅಕ್ಕೋರ ಮನೆಗೆ ನಾನು ಹೋಗುವಷ್ಟರಲ್ಲಿ ಹೆಂಗಸರು ಮೈ ತೊಳೆದಾಗಿತ್ತು. ಗದ್ದಕ್ಕೆ ಯಾರೋ ಬಿಳಿ ಬಟ್ಟೆ ಕಟ್ಟಿದ್ದರು, ಬಿಗಿಯಾಗಿ. ಪಕ್ಕದಲ್ಲಿ ಕೂತೆ.

"ಅಕ್ಕೋರೇ, ಸ್ವಲ್ಪ ಸಡಲ ಮಾಡ್ತೀನ್ರಿ" ಅಂದೆ.

ಎಲ್ಲರೂ ನನ್ನ ಕಡೆ ನೋಡಿದರು.