ತಮ್ಮನ ಕಣ್ಣು, ನಮ್ಮ ವಂಶದ ಥೈರಾಯ್ಡ್

ನಮ್ಮ ಮನೆಯಲ್ಲಿ ಥೈರಾಯ್ಡ್ ಅಂದರೆ ಹೆಂಗಸರ ಕಾಯಿಲೆ ಅಂತಲೇ ಲೆಕ್ಕ. ಅಮ್ಮನಿಗಿದೆ, ಸೋದರತ್ತೆಗಿದೆ, ನನಗೂ ಇದೆ. ಮೂಡಿಗೆರೆ ಕಡೆಯ ಊರುಮನೆಯಲ್ಲಿ ಹಬ್ಬಕ್ಕೆ ಸೇರಿದಾಗ ಕಾಫಿ ಘಮ್ಮೆನ್ನುತ್ತಿದ್ದರೂ ನಾವು ಮೂವರು ಮಾತ್ರೆ ನುಂಗಿ ಗಡಿಯಾರ ನೋಡುತ್ತಾ ಕೂರುತ್ತೇವೆ. ತಕ್ಷಣ ಕಾಫಿ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಹಾಗಾಗಿ ತಮ್ಮ ಸೊರಗಿದಾಗ ಯಾರಿಗೂ ಥೈರಾಯ್ಡ್ ನೆನಪಾಗಲಿಲ್ಲ. ಕಾಫಿ ಕೊಯ್ಲಿನ ಸಮಯ, ಆಳು ಸಿಗುತ್ತಿಲ್ಲ, ಓಡಾಟ ಜಾಸ್ತಿ ಅಂದುಕೊಂಡೆವು. ಊಟ ಚೆನ್ನಾಗಿಯೇ ಮಾಡುತ್ತಿದ್ದ, ಆದರೂ ಪ್ಯಾಂಟು ಸಡಿಲ. ಜನವರಿ ಚಳಿಯಲ್ಲೂ ಬೆವರು. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಕಣ್ಣು ಗಮನಿಸಿದ್ದು ಮಾತ್ರ ಅಮ್ಮ. "ಯಾಕೋ ಯಾವಾಗ್ಲೂ ಕಣ್ಣು ಬಿಟ್ಕೊಂಡೇ ಇರ್ತೀಯಲ್ಲೋ" ಅಂದರು. ಅವನ ಮದುವೆ ಫೋಟೋ ತೆಗೆದು ನೋಡಿದೆವು. ಫೋಟೋದಲ್ಲಿ ಮೇಲಿನ ರೆಪ್ಪೆ ಕಪ್ಪುಗುಡ್ಡೆಯ ಅಂಚನ್ನು ಮುಚ್ಚಿತ್ತು. ಈಗ ಕಪ್ಪುಗುಡ್ಡೆಗೂ ರೆಪ್ಪೆಗೂ ನಡುವೆ ಕಣ್ಣಿನ ಬಿಳಿ ಒಂದು ಗೆರೆಯಂತೆ ಕಾಣುತ್ತಿತ್ತು. ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಕೂಡುತ್ತಿರಲಿಲ್ಲವಂತೆ. ಬೆಳಿಗ್ಗೆ ಎದ್ದರೆ ಕಣ್ಣೆಲ್ಲ ಮರಳು ಮರಳು.

ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ತೀರಾ ಕಡಿಮೆ, ಆ ಗ್ರಂಥಿ ತಯಾರಿಸುವ ಟಿ3, ಟಿ4 ಹಾರ್ಮೋನ್ ಜಾಸ್ತಿ. ಗ್ರೇವ್ಸ್ ಕಾಯಿಲೆ ಅಂದರು. ಡಬ್ಲಿನ್‌ನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು. ನಮ್ಮ ಮೂವರದ್ದು ಹಾಶಿಮೊಟೊ. ನಮ್ಮಲ್ಲಿ ಗ್ರಂಥಿ ಸೋಲುತ್ತದೆ, ಅವನಲ್ಲಿ ಮಿತಿಮೀರಿ ದುಡಿಯುತ್ತದೆ. ಬುಡ ಒಂದೇ: ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿ ತನ್ನದೇ ಗ್ರಂಥಿಯ ಮೇಲೆ ತಿರುಗಿಬಿದ್ದಿದೆ. ಅಜ್ಜಿ ಕಾಲದಲ್ಲಿ ಮಲೆನಾಡಿನಲ್ಲಿ ಕಾಣುತ್ತಿದ್ದ ಅಯೋಡಿನ್ ಕೊರತೆಯ ಗಳಗಂಡವೇ ಬೇರೆ, ಇದೇ ಬೇರೆ.

ಸಿಗರೇಟ್ ಬಿಡು ಅಂತ ತಮ್ಮನಿಗೆ ಹೇಳಿದೆ. "ವಂಶದಲ್ಲೇ ಇದೆ ಬಿಡಕ್ಕ, ಸಿಗರೇಟ್ ಬಿಟ್ರೆ ಹೋಗತ್ತಾ?" ಅಂದ ತಮ್ಮ, ಕಣದಲ್ಲಿ ಕಾಫಿ ಹರವುತ್ತಾ, ಬಾಯಲ್ಲಿ ಸಿಗರೇಟ್ ಇಟ್ಟುಕೊಂಡೇ. ಕೋಪ ಬಂತು. ಹಾಗಂತ ಅವನ ಮಾತು ಪೂರ್ತಿ ಸುಳ್ಳಲ್ಲ. ಎಚ್‌ಎಲ್‌ಎ, ಸಿಟಿಎಲ್‌ಎ-4, ಟಿಎಸ್‌ಎಚ್ ರಿಸೆಪ್ಟರ್ (ಆ ಹಾರ್ಮೋನ್ ಬಂದು ಕೂರುವ ತಾಣ) ಹೀಗೆ ಹಲವು ಜೀನ್‌ಗಳಿಗೆ ಇದರಲ್ಲಿ ಕೈಯಿದೆ. ಸಿಟಿಎಲ್‌ಎ-4 ಕೆಲಸ ರೋಗನಿರೋಧಕ ಜೀವಕೋಶಗಳನ್ನು ತಡೆದು ನಿಲ್ಲಿಸುವುದು. ಅದು ಸ್ವಲ್ಪ ಬದಲಾಗಿದ್ದವರದ್ದು ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಸರಿಯಾಗಿ ಹಿಡಿಯದ ಜೀಪಿನ ಕಥೆ. ಆದರೆ ಡೆನ್ಮಾರ್ಕ್‌ನ ಅವಳಿಗಳ ಅಧ್ಯಯನವೊಂದಿದೆ. ಒಬ್ಬರಿಗೆ ಗ್ರೇವ್ಸ್ ಇದ್ದಾಗ ತದ್ರೂಪಿ ಅವಳಿಯ ಇನ್ನೊಬ್ಬರಿಗೂ ಇರುವ ಸಾಧ್ಯತೆ ಸುಮಾರು ಶೇಕಡಾ 35. ಬೇರೆ ಅವಳಿಗಳಲ್ಲಿ ಶೇಕಡಾ 3ರ ಆಸುಪಾಸು. ವಂಶದ ಪಾಲು ದೊಡ್ಡದೇ, ಒಪ್ಪಿದೆ. ಆದರೆ ಜೀನ್ ಪೂರ್ತಿ ಒಂದೇ ಇದ್ದವರಲ್ಲೂ ಹೆಚ್ಚಿನ ಜೋಡಿಗಳಲ್ಲಿ ಒಬ್ಬರು ಪಾರಾಗಿದ್ದಾರೆ, ಅಲ್ವಾ?

ಕಣ್ಣಿನ ವಿಷಯ ಇನ್ನೂ ಸ್ಪಷ್ಟ. ಗ್ರಂಥಿಯನ್ನು ಕೆಣಕುವ ಆಂಟಿಬಾಡಿಗೆ (ರೋಗದ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಕಣ್ಣಿನ ಹಿಂದಿನ ಜೀವಕೋಶಗಳಲ್ಲೂ ಅದೇ ರಿಸೆಪ್ಟರ್ ಸಿಗುತ್ತದೆ. ಅಲ್ಲಿನ ಸ್ನಾಯು, ಕೊಬ್ಬು ಊದುತ್ತವೆ. ಸುತ್ತ ಮೂಳೆ, ಜಾಗ ಇಲ್ಲ, ಗುಡ್ಡೆ ಮುಂದಕ್ಕೆ ಬರುತ್ತದೆ. ಗ್ರೇವ್ಸ್ ಇದ್ದವರಲ್ಲಿ ಯಾರ ಕಣ್ಣು ಕೆಡುತ್ತದೆ ಅಂತ ಖಚಿತವಾಗಿ ಹೇಳುವ ಜೀನ್ ಸಿಕ್ಕಿಲ್ಲ. ಸಿಗರೇಟ್ ಬಗ್ಗೆ ಮಾತ್ರ ಅನುಮಾನವೇ ಇಲ್ಲ. ಸೇದುವವರಿಗೆ ಕಣ್ಣಿನ ತೊಂದರೆ ಬರುವ ಸಾಧ್ಯತೆ ಜಾಸ್ತಿ, ಬಂದರೆ ತೀವ್ರತೆಯೂ ಜಾಸ್ತಿ, ಔಷಧಿ ಹಿಡಿಯುವುದು ಕಡಿಮೆ. ಗ್ರಂಥಿಯನ್ನು ಕುಗ್ಗಿಸುವ ರೇಡಿಯೋ ಅಯೋಡಿನ್ ಚಿಕಿತ್ಸೆ ಕೂಡ ಇಂಥವರ ಕಣ್ಣನ್ನು ಇನ್ನಷ್ಟು ಕೆಡಿಸಬಹುದು. ಅದಕ್ಕೇ ಡಾಕ್ಟರು ಅದು ಈಗ ಬೇಡ ಅಂದು ಗ್ರಂಥಿಯ ದುಡಿತ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಬರೆದರು. ವಂಶ ನಮ್ಮ ಕೈಯಲ್ಲಿಲ್ಲ ಕಣೋ, ಬೆಂಕಿಪೊಟ್ಟಣ ನಿನ್ನ ಜೇಬಲ್ಲೇ ಇದೆಯಲ್ಲ ಅಂದೆ.

ವಸ್ತು ಎರಡೆರಡಾಗಿ ಕಂಡರೆ, ದೃಷ್ಟಿ ಮಸುಕಾದರೆ ತಡ ಮಾಡಬಾರದು. ಗಿಡದಲ್ಲಿರುವ ಕಾಫಿ ಹಣ್ಣಿನ ಕೆಂಪು ಒಂದು ಕಣ್ಣಿಗೆ ಮಂಕಾಗಿ ಕಂಡರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗು ಅಂತ ಅವನಿಗೆ ಹೇಳಿಟ್ಟಿದ್ದೇನೆ. ಕಣ್ಣಿನ ನರ ಒತ್ತಿಹೋಗುತ್ತಿರುವ ಸೂಚನೆ ಅದು.

"ಅತ್ತಿಗೆ, ಮಗಳಿಗೂ ಜೀನ್ ಟೆಸ್ಟ್ ಮಾಡಿಸೋಣ್ವಾ?" ಅಂತ ಅವನ ಹೆಂಡತಿ ಕೇಳಿದಳು. ಬೇಡ ಅಂದೆ. ಈ ಜೀನ್‌ಗಳ ಇಂಥ ಬದಲಾವಣೆಗಳು ಆರೋಗ್ಯವಾಗಿರುವ ಎಷ್ಟೋ ಜನರಲ್ಲೂ ಇರುತ್ತವೆ. ಸುಸ್ತು, ತೂಕದ ಏರುಪೇರು, ಎದೆ ಬಡಿತ ಕಂಡರೆ ಟಿಎಸ್‌ಎಚ್ ಮಾಡಿಸಿ, ಮನೆಯಲ್ಲಿ ಯಾರ‍್ಯಾರಿಗೆ ಇದೆ ಅಂತ ಡಾಕ್ಟರಿಗೆ ಹೇಳಿ. ಮಗಳು ಓಡಾಡುವ ಮನೆಯೊಳಗೆ ಸಿಗರೇಟ್ ಹೊಗೆ ಬೇಡ ಅಂತಲೂ ಅಂದೆ. ತಮ್ಮ ಅಲ್ಲೇ ಇದ್ದ. ನಾನು ಅಷ್ಟು ದಿನ ಹೇಳಿದ್ದಕ್ಕಿಂತ ಈ ಮಾತು ಅವನಿಗೆ ಹೆಚ್ಚು ತಾಗಿತು. ಶಿವರಾತ್ರಿಯಿಂದ ಈಚೆಗೆ ಅವನು ಸೇದಿಲ್ಲ.